ಕಡಲಿಗೆ ಎಣ್ಣೆ ಬಿದ್ದರೆ ಎಂತ ಆಗ್ತದೆ?



ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಯ ಒಂದು ಬದಿ ಪೂರಾ ಕಡಲು. ನಮ್ಮ ಕಲಿಕಾ ಕೇಂದ್ರಗಳಿಗೆ ಬರುವವರಲ್ಲಿ ಬಲೆ ಹಾಕುವವರಿದ್ದಾರೆ, ಮೀನು ಮಾರುವ ಹೆಂಗಸರಿದ್ದಾರೆ, ಮರುವಾಯಿ ಹೆಕ್ಕುವವರಿದ್ದಾರೆ. ಕಡಲಿನಲ್ಲಿ ಯಾವ ತಿಂಗಳು ಯಾವ ಮೀನು, ಗಾಳಿ ತಿರುಗಿದರೆ ನೀರು ಎತ್ತ ಎಳೆಯುತ್ತದೆ ಎಂಬುದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಪಾಠದಲ್ಲಿ ಇರುವುದು ಬೇರೆ ವಿಷಯ. ಹಡಗಿನ ಎಣ್ಣೆ ಕಡಲಿಗೆ ಚೆಲ್ಲಿದರೆ ಮೀನು, ಹಕ್ಕಿ, ಆಮೆ, ಚಿಪ್ಪು, ಕಾಂಡ್ಲಾ ಗಿಡ ಇವುಗಳಿಗೆ ಎಂತ ಆಗ್ತದೆ, ನಮಗೆ ಎಂತ ಆಗ್ತದೆ ಎಂಬುದು. ಪಾಠ ಸ್ವಲ್ಪ ಉದ್ದ ಉಂಟು. ಒಂದೇ ದಿನ ಮುಗಿಸಬೇಕೆಂದಿಲ್ಲ. ಎರಡು ದಿನ ಮಾಡಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ.

ಹತ್ತಿರದ ಸುದ್ದಿಯಿಂದ ಶುರು ಮಾಡುವ

2025ರ ಮೇ 24ರಂದು ವಿಳಿಂಜದಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಹಡಗು ಒಂದು ಬದಿಗೆ ವಾಲಿತು. ಮರುದಿನ, ಮೇ 25ರಂದು, ಪೂರ್ತಿ ಮುಳುಗಿತು. ಹಡಗಿನಲ್ಲಿದ್ದ 24 ಜನರನ್ನೂ ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಉಳಿಸಿದರು. ಅದರಲ್ಲಿ 640 ಕಂಟೈನರ್‌ಗಳಿದ್ದವು. ಕಂಟೈನರ್ ಅಂದರೆ ಲಾರಿಯ ಮೇಲೆ ಹೋಗುವುದನ್ನು ನಾವು ನೋಡುತ್ತೇವಲ್ಲ, ಆ ದೊಡ್ಡ ಕಬ್ಬಿಣದ ಪೆಟ್ಟಿಗೆ. ಹಡಗು ಓಡಲು ಬೇಕಾದ ಎಣ್ಣೆಯೂ ಇತ್ತು. ಫರ್ನೇಸ್ ಆಯಿಲ್ 367 ಟನ್, ಡೀಸೆಲ್ 84 ಟನ್. ಒಂದು ಟನ್ ಎಣ್ಣೆ ಅಂದರೆ ಹೆಚ್ಚುಕಡಿಮೆ ಸಾವಿರ ಲೀಟರು ಎಂದು ಲೆಕ್ಕ ಇಟ್ಟುಕೊಳ್ಳಿ.

ಅದಾಗಿ ಹದಿನೈದು ದಿನ. ಜೂನ್ 9ರಂದು ಇನ್ನೊಂದು. ಕಣ್ಣೂರಿನ ಅಳಿಕ್ಕಲ್‌ನಿಂದ ದೂರ, ನಡುಗಡಲಿನಲ್ಲಿ, ‘ವಾನ್ ಹೈ 503’ ಎಂಬ ಹಡಗಿನಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. ಇದ್ದ 22 ಜನರಲ್ಲಿ 18 ಮಂದಿಯನ್ನು ಉಳಿಸಿ ಮಂಗಳೂರಿಗೆ ತಂದರು. ನಾಲ್ವರು ಕಾಣೆಯಾದರು. ಆ ಹಡಗಿನ ಟ್ಯಾಂಕಿನಲ್ಲಿ 2,000 ಟನ್ನಿಗಿಂತ ಹೆಚ್ಚು ಎಣ್ಣೆ ಇತ್ತು. ದಡದ ಕಡೆಗೆ ತೇಲಿ ಬಂದರೆ ಕಷ್ಟ ಎಂದು ಮಳೆಗಾಲದ ಆ ಕಡಲಿನಲ್ಲೇ ಹಗ್ಗ ಕಟ್ಟಿ ಅದನ್ನು ಆಳಕ್ಕೆ ಎಳೆದುಕೊಂಡು ಹೋದರು. ಬೆಂಕಿ ಉರಿಯುವ ಹಡಗಿಗೆ ಹಗ್ಗ ಕಟ್ಟುವುದು ಎಂದರೆ ಎಂಥಾ ಕೆಲಸ ಎಂದು ಕಡಲಿಗೆ ಹೋಗುವವರಿಗೆ ಬೇರೆ ಹೇಳಬೇಕಾಗಿಲ್ಲ.

ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ನಮ್ಮ ತಲಪಾಡಿ ಗಡಿಯಿಂದ ತುಸು ಆಚೆ ಉಚ್ಚಿಲದ ಕಡಲಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗಿಗೆ ನೀರು ನುಗ್ಗಿ ಅದು ತಳ ಹಿಡಿಯಿತು. ಸಾಗಿಸುತ್ತಿದ್ದದ್ದು ಉಕ್ಕಿನ ಸುರುಳಿ. ಸಿರಿಯಾ ದೇಶದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಟ್ಯಾಂಕಿನ ಎಣ್ಣೆ ಎಲ್ಲಿ ಒಡೆದು ಬರುತ್ತದೋ ಎಂದು ಉಳ್ಳಾಲದ ಕಡೆಯವರು ಆ ಮಳೆಗಾಲ ಪೂರಾ ಕಡಲು ನೋಡುತ್ತಲೇ ಇದ್ದರು.

ಇಲ್ಲಿ ಒಂದು ಮಾತು ಗಮನಿಸಿ. ಈ ಮೂರೂ ಎಣ್ಣೆ ಸಾಗಿಸುವ ಹಡಗುಗಳಲ್ಲ. ಎಣ್ಣೆ ಸಾಗಿಸುವ ಹಡಗಿಗೆ ಟ್ಯಾಂಕರ್ ಅನ್ನುತ್ತಾರೆ. ಇವು ಸಾಮಾನು ಹೊರುವ ಹಡಗುಗಳು. ತನ್ನ ಇಂಜಿನ್ನಿಗೆ ಅಂತ ತುಂಬಿಸಿದ ಎಣ್ಣೆಯೇ ಒಂದೊಂದರಲ್ಲಿ ನೂರಾರು ಟನ್ ಇರುತ್ತದೆ. ನಮ್ಮ ಪಡುವಣ ಕಡಲು ದೊಡ್ಡ ಹಡಗುಗಳ ದಾರಿ. ಆದ್ದರಿಂದ ಇದು ಎಲ್ಲಿಯೋ ದೂರದ ದೇಶದ ಕತೆ ಅಲ್ಲ.

ಎಣ್ಣೆ ನೀರಿನ ಮೇಲೆ ಎಂತ ಮಾಡ್ತದೆ?

ಬಾಣಲೆ ತೊಳೆದ ನೀರನ್ನು ನೋಡಿದ್ದೀರಿ. ಎಣ್ಣೆ ಮೇಲೆ ತೇಲಿ ತೆಳ್ಳಗೆ ಹರಡುತ್ತದೆ, ಬಿಸಿಲಿಗೆ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತದೆ. ಕಡಲಿನಲ್ಲಿ ಚೆಲ್ಲಿದ ಡೀಸೆಲ್ಲೂ ಹೀಗೆಯೇ. ಬೇಗ ಹರಡುತ್ತದೆ, ಅದರ ಒಂದು ಪಾಲು ಒಂದೆರಡು ದಿನದಲ್ಲಿ ಆವಿಯಾಗಿ ಹೋಗುತ್ತದೆ. ಹೋಗುವಾಗ ಬರುವ ಆ ವಾಸನೆಯೇ ವಿಷ. ತಲೆನೋವು, ಕಣ್ಣುರಿ, ವಾಂತಿ ಬರಿಸುತ್ತದೆ.

ಫರ್ನೇಸ್ ಆಯಿಲ್ ಹಾಗಲ್ಲ. ಅದು ಕಪ್ಪಗೆ, ಮಂದವಾಗಿ, ಬೆಲ್ಲದ ಪಾಕದ ಹಾಗೆ ಇರುತ್ತದೆ. ಅಷ್ಟು ಬೇಗ ಆರುವುದಿಲ್ಲ. ತೆರೆ ಹೊಡೆದು ಹೊಡೆದು ಎಣ್ಣೆಯೊಳಗೆ ನೀರು ಸೇರಿಕೊಳ್ಳುತ್ತದೆ. ಮೊಸರು ಕಡೆದಂತೆ ಕಡೆಯಲ್ಪಟ್ಟು ಕಂದು ಬಣ್ಣದ ಅಂಟು ರಾಡಿಯಾಗುತ್ತದೆ. ಆಗ ಅದರ ಗಾತ್ರ ಮೂರು-ನಾಲ್ಕು ಪಟ್ಟು ಹೆಚ್ಚುತ್ತದೆ. ಹತ್ತು ಕೊಡ ಎಣ್ಣೆ ಚೆಲ್ಲಿದರೆ ದಡದಲ್ಲಿ ಬಾಚಬೇಕಾದ್ದು ಮೂವತ್ತು ನಲವತ್ತು ಕೊಡ ರಾಡಿ! ಅದರ ಮೇಲೆ ಹೊಯಿಗೆ, ಕಸ ಅಂಟಿ ಭಾರವಾದರೆ ಕೆಲವು ಪಾಲು ತಳಕ್ಕೆ ಇಳಿಯುತ್ತದೆ. ಉಳಿದದ್ದು ಒಣಗಿ ಡಾಂಬರಿನ ಉಂಡೆಗಳಾಗಿ ಎಷ್ಟೋ ದಿನದ ಮೇಲೆ, ಎಷ್ಟೋ ದೂರದ ದಡಕ್ಕೆ ಬಂದು ಬೀಳುತ್ತದೆ. ಗೋವಾದ ಕಡಲತಡಿಯಲ್ಲಿ ವರ್ಷವರ್ಷವೂ ಮಳೆಗಾಲ ಶುರುವಾಗುವ ಹೊತ್ತಿಗೆ ಈ ಉಂಡೆಗಳು ಬರುವುದುಂಟು. ಕರ್ನಾಟಕದ ಕರಾವಳಿಯಲ್ಲೂ ಕಂಡಿವೆ. ಅದಕ್ಕೆ ಹಡಗು ಮುಳುಗಲೇಬೇಕೆಂದಿಲ್ಲ. ಕೆಲವು ಹಡಗಿನವರು ಯಾರೂ ನೋಡದ ಕಡೆ ಟ್ಯಾಂಕು ತೊಳೆದು ಕೊಳೆಯನ್ನು ಕಡಲಿಗೇ ಬಿಡುತ್ತಾರೆ.

ಹಕ್ಕಿಗೆ ಬೇಕಾದ್ದು ಒಂದೇ ಒಂದು ಕಲೆ

ಕಡಲಹಕ್ಕಿಯ ಗರಿಗಳು ಓಡಿನ ಮಾಡಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಗರಿಯಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿದ್ದು ಒಂದಕ್ಕೊಂದು ಹಿಡಿದುಕೊಂಡಿರುತ್ತವೆ. ಆದ್ದರಿಂದ ನೀರು ಒಳಗೆ ಇಳಿಯುವುದಿಲ್ಲ, ಮೈ ಬೆಚ್ಚಗಿರುತ್ತದೆ, ಹಕ್ಕಿ ತೇಲುತ್ತದೆ. ಎಣ್ಣೆ ಅಂಟಿದರೆ ಆ ಕೊಕ್ಕೆಗಳು ಬಿಟ್ಟುಹೋಗಿ ಗರಿಗಳು ಮುದ್ದೆ ಕಟ್ಟುತ್ತವೆ. ಒಂದು ಓಡು ಜಾರಿದರೂ ಮನೆ ಸೋರುವುದಿಲ್ಲವೇ? ಹಾಗೆಯೇ ಆ ಒಂದು ಕಲೆಯ ಜಾಗದಿಂದ ನೀರು ಚರ್ಮಕ್ಕೆ ಇಳಿಯುತ್ತದೆ. ಹಕ್ಕಿ ಚಳಿಗೆ ನಡುಗುತ್ತದೆ. ಹಾರಲಾಗುವುದಿಲ್ಲ, ಮೀನು ಹಿಡಿಯಲಾಗುವುದಿಲ್ಲ. ಹಕ್ಕಿಯ ಸ್ವಭಾವ ಕೊಕ್ಕಿನಿಂದ ಗರಿ ಹಿಕ್ಕಿಕೊಳ್ಳುವುದು. ಅದು ಎಣ್ಣೆಯನ್ನು ತೆಗೆಯುತ್ತೇನೆಂದು ಹಿಕ್ಕಿ ಹಿಕ್ಕಿ ಅದನ್ನೇ ನುಂಗುತ್ತದೆ. ಹೊಟ್ಟೆ, ಪಿತ್ತಕೋಶದ ಪಕ್ಕದ ಯಕೃತ್ತು, ಮೂತ್ರಪಿಂಡ ಕೆಡುತ್ತವೆ.

2023ರ ಡಿಸೆಂಬರಿನಲ್ಲಿ ‘ಮಿಚಾಂಗ್’ ಚಂಡಮಾರುತದ ನೆರೆ ಬಂದಾಗ ಚೆನ್ನೈ ಪಕ್ಕದ ಎನ್ನೂರಿನ ಅಳಿವೆಗೆ ತೈಲ ಶುದ್ಧೀಕರಣ ಘಟಕದ ಕಡೆಯಿಂದ ಎಣ್ಣೆ ಹರಿದು ಬಂತು. ಅಲ್ಲಿ ಬಿಳಿಯ ಹೆಜ್ಜಾರ್ಲೆ ಹಕ್ಕಿಗಳ ಮೈ ಕಪ್ಪಾಗಿ ಕೂತ ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಅರಣ್ಯ ಇಲಾಖೆಯವರು ಹಿಡಿದು ತೊಳೆಯಲು ಹೋದರೆ ಹೆಚ್ಚಿನವು ಕೈಗೆ ಸಿಗಲಿಲ್ಲ. ಸಿಕ್ಕಿದರೂ ಕೂಡಲೇ ತೊಳೆಯಬಾರದು. ಮೊದಲು ಬೆಚ್ಚಗೆ ಇಟ್ಟು, ಗುಟುಕು ಆಹಾರ ಕೊಟ್ಟು, ಚೇತರಿಸಿಕೊಂಡ ಮೇಲೆ ಪಾತ್ರೆ ತೊಳೆಯುವ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುವುದು ಕ್ರಮ. ಅರ್ಧ ಜೀವದ ಹಕ್ಕಿಯನ್ನು ಪಾಪ ಎಂದು ತಣ್ಣೀರಿಗೆ ಹಾಕಿ ಉಜ್ಜಿದರೆ ಅಲ್ಲೇ ಸಾಯುತ್ತದೆ.

ಆಮೆ

ನೀಲೇಶ್ವರದ ತೈಕಡಪ್ಪುರಂ ದಡಕ್ಕೆ ಕಡಲಾಮೆಗಳು ಮೊಟ್ಟೆ ಇಡಲು ಬರುವುದು, ‘ನೆಯ್ದಲ್’ ಸಂಸ್ಥೆಯವರು ಆ ಮೊಟ್ಟೆಗಳನ್ನು ಕಾದು ಮರಿಗಳನ್ನು ಕಡಲಿಗೆ ಬಿಡುವುದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಆಮೆ ನೀರಿನಲ್ಲಿದ್ದರೂ ಮೀನಲ್ಲ, ನಮ್ಮ ಹಾಗೆ ಗಾಳಿಯಲ್ಲೇ ಉಸಿರಾಡಬೇಕು. ಅದಕ್ಕೆ ಆಗಾಗ ಮೇಲೆ ಬಂದು ತಲೆ ಎತ್ತುತ್ತದೆ. ಎಣ್ಣೆ ಇರುವುದೂ ಮೇಲೆಯೇ! ಕಣ್ಣು, ಮೂಗು, ಬಾಯಿ ಎಲ್ಲದಕ್ಕೂ ಅಂಟುತ್ತದೆ, ವಿಷದ ಆವಿ ಎದೆಗೆ ಹೋಗುತ್ತದೆ. ಆಮೆಗೆ ಎಣ್ಣೆಯನ್ನು ಕಂಡು ದೂರ ಹೋಗುವ ಬುದ್ಧಿ ಇಲ್ಲ. ಡಾಂಬರಿನ ಉಂಡೆಯನ್ನು ತಿನ್ನುವ ವಸ್ತು ಎಂದೇ ನುಂಗುತ್ತದೆ. ಮೊಟ್ಟೆ ಇಡುವ ಹೊಯಿಗೆಗೆ ಎಣ್ಣೆ ಇಳಿದರೆ ಮೊಟ್ಟೆಯೊಳಗಿನ ಮರಿಗೂ ಕೇಡು. ಮೊಟ್ಟೆಯಿಂದ ಹೊರಬಂದ ಅಂಗೈಗಿಂತ ಸಣ್ಣ ಮರಿ ರಾಡಿ ದಾಟಿ ನೀರು ಮುಟ್ಟುವುದಾದರೂ ಹೇಗೆ?

“ಟೀಚರ್, ಮೀನು ಈಜಿ ಓಡುವುದಿಲ್ವಾ?”

ಬಂಗ್ರಮಂಜೇಶ್ವರದ ಕಡೆಯ ಒಂದು ತರಗತಿಯಲ್ಲಿ ಈ ವಿಷಯ ಹೇಳುವಾಗ ಮೀನು ಮಾರುವ ಒಬ್ಬ ಅಕ್ಕ ಕೇಳಿದ ಪ್ರಶ್ನೆ ಇದು. “ಹಕ್ಕಿ, ಆಮೆ ಮೇಲೆ ಬರ್ತದೆ, ಸರಿ. ಮೀನು ಅಡಿಯಲ್ಲಿ ಅಲ್ವಾ? ಅದಕ್ಕೆ ಎಂತ?” ಒಳ್ಳೆಯ ಪ್ರಶ್ನೆ. ನಾನು ಓದಿದ ಪುಸ್ತಕಗಳು ಇದಕ್ಕೆ ನೇರವಾದ ಉತ್ತರ ಕೊಡಲು ತುಂಬ ಸುತ್ತು ಹಾಕುತ್ತವೆ.

ಉತ್ತರ ಇಷ್ಟು. ದೊಡ್ಡ ಮೀನು ಹೆಚ್ಚಿನ ಸಲ ಓಡಿ ತಪ್ಪಿಸಿಕೊಳ್ಳುತ್ತದೆ. ಆದ್ದರಿಂದ ತೆರೆದ ಕಡಲಿನಲ್ಲಿ ಎಣ್ಣೆ ಚೆಲ್ಲಿದ ಕೂಡಲೇ ಮೀನುಗಳು ರಾಶಿ ಬಿದ್ದು ಸಾಯುವುದು ಕಡಿಮೆ. ಓಡಲಾಗದ್ದು ಮೊಟ್ಟೆ ಮತ್ತು ಮರಿ. ಬಹಳ ಜಾತಿ ಮೀನಿನ ಮೊಟ್ಟೆಗಳು ಮೇಲ್ನೀರಿನಲ್ಲಿ ತೇಲುತ್ತವೆ. ಹೊರಬಂದ ಮರಿ ಕೂದಲೆಳೆಯಷ್ಟು ಇರುತ್ತದೆ, ನೀರು ಎಳೆದ ಕಡೆ ಹೋಗುತ್ತದೆ. ಎಣ್ಣೆಯಲ್ಲಿರುವ ಕೆಲವು ರಾಸಾಯನಿಕಗಳು ನೀರಿನಲ್ಲಿ ಕರಗುತ್ತವೆ. ಅವು ತುಂಬ ಸ್ವಲ್ಪ ಇದ್ದರೂ ಮೊಟ್ಟೆಯೊಳಗೆ ಬೆಳೆಯುವ ಮರಿಯ ಗುಂಡಿಗೆ ಸರಿಯಾಗಿ ರೂಪುಗೊಳ್ಳುವುದಿಲ್ಲ, ಬೆನ್ನು ಸೊಟ್ಟಗಾಗುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಥ ಮರಿ ಬದುಕಿದರೂ ಚುರುಕಾಗಿ ಈಜಲಾರದು, ಬೇರೆ ಮೀನಿನ ಬಾಯಿಗೆ ಹೋಗುತ್ತದೆ.

ನಮ್ಮ ಬೂತಾಯಿ ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಎಲ್ಸಾ ಹಡಗು ಮುಳುಗಿದ್ದು ಮೇ ಕೊನೆಗೆ, ಮಳೆ ಹಿಡಿಯುವ ಹೊತ್ತಿಗೆ. ಮೀನುಗಾರರು ಕಳವಳಪಟ್ಟದ್ದು ಆ ವಾರದ ಮೀನಿನ ಬಗ್ಗೆ ಮಾತ್ರ ಅಲ್ಲ, ಮುಂದಿನ ವರ್ಷದ ಬೂತಾಯಿಯ ಬಗ್ಗೆ. ಮರಿ ಸತ್ತದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಲೆ ಖಾಲಿ ಬಂದ ಮೇಲೆ ಗೊತ್ತಾಗುವುದು. ಆಗ ಅದು ಎಣ್ಣೆಯಿಂದಲೋ, ನೀರಿನ ಬಿಸಿಯಿಂದಲೋ, ಮಿತಿಮೀರಿ ಹಿಡಿದದ್ದರಿಂದಲೋ ಎಂದು ವಾದ ಶುರುವಾಗುತ್ತದೆ.

ಆ ಹಡಗಿನಿಂದ ಎಣ್ಣೆಗಿಂತಲೂ ಹೆಚ್ಚು ದಡಕ್ಕೆ ಬಂದದ್ದು ಪ್ಲಾಸ್ಟಿಕ್ ಕಾಳು. ಸಾಬಕ್ಕಿಯಷ್ಟು ಗಾತ್ರದ ಬಿಳಿ ಕಾಳುಗಳು ಕೊಲ್ಲಂ, ತಿರುವನಂತಪುರದ ದಡದಲ್ಲಿ ಮೂಟೆಗಟ್ಟಲೆ ಬಿದ್ದವು. ಪ್ಲಾಸ್ಟಿಕ್ ಕೊಡ, ಚೀಲ ಮಾಡಲು ಬಳಸುವ ಕಚ್ಚಾವಸ್ತು ಇದು. ಎಣ್ಣೆಯಾದರೂ ಎಂದಾದರೊಂದು ದಿನ ಕೊಳೆಯುತ್ತದೆ. ಈ ಕಾಳು ಕೊಳೆಯುವುದಿಲ್ಲ. ಮೀನಿನ ಮೊಟ್ಟೆಯ ಹಾಗೆ ಕಾಣುವುದರಿಂದ ಮೀನು, ಹಕ್ಕಿ, ಆಮೆ ತಿನ್ನುತ್ತವೆ. ಊರಿನ ಜನ ಜರಡಿ ಹಿಡಿದು ಹೊಯಿಗೆ ಸೋಸಿದರು.

ಓಡದ ಜೀವಿಗಳು: ಮರುವಾಯಿ, ಕಲ್ಲುಮ್ಮಕಾಯಿ

ಚಿಪ್ಪಿನ ಜೀವಿಗಳಿಗೆ ಕಾಲೂ ಇಲ್ಲ, ಈಜೂ ಇಲ್ಲ. ಇದ್ದಲ್ಲೇ ಬಾಯಿ ತೆರೆದು ಗಂಟೆಗೆ ಲೀಟರುಗಟ್ಟಲೆ ನೀರನ್ನು ಒಳಗೆ ಎಳೆದು, ಸೋಸಿ, ಆಹಾರ ಇಟ್ಟುಕೊಂಡು ನೀರನ್ನು ಹೊರಗೆ ಬಿಡುತ್ತವೆ. ನೀರಿನಲ್ಲಿ ಎಣ್ಣೆ ಇದ್ದರೆ ಅದೂ ಒಳಗೆ ನಿಲ್ಲುತ್ತದೆ. ಮೀನಿನ ಮೈಯಲ್ಲಿ ಎಣ್ಣೆಯ ವಿಷವನ್ನು ಒಡೆದು ಹೊರಹಾಕುವ ಶಕ್ತಿ ಸ್ವಲ್ಪ ಮಟ್ಟಿಗೆ ಉಂಟು. ಚಿಪ್ಪಿಗೆ ಆ ಶಕ್ತಿ ತುಂಬ ಕಡಿಮೆ. ಶುದ್ಧ ನೀರು ಹರಿದು ವಾರಗಳು, ತಿಂಗಳುಗಳು ಕಳೆದ ಮೇಲೆಯೇ ಅದು ಶುದ್ಧವಾಗುವುದು. ಅಲ್ಲಿಯ ತನಕ ಬೇಯಿಸಿದರೆ ಡೀಸೆಲ್ ವಾಸನೆ. ಬೇಯಿಸಿದ ಕೂಡಲೇ ವಿಷ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಜಿಲ್ಲೆಗೆ ಇದು ಸಣ್ಣ ವಿಷಯ ಅಲ್ಲ. ಚೆರುವತ್ತೂರು, ಪಡನ್ನದ ಕಡೆ ಕವ್ವಾಯಿ ಹಿನ್ನೀರಿನಲ್ಲಿ ಹಗ್ಗಕ್ಕೆ ಕಲ್ಲುಮ್ಮಕಾಯಿ ಮರಿ ಕಟ್ಟಿ ಬೆಳೆಸುವುದನ್ನು ನೋಡಿದ್ದೀರಿ. ಕೇರಳದಲ್ಲಿ ಈ ಕೃಷಿಗೆ ಹೆಸರಾದದ್ದು ನಮ್ಮ ಕಾಸರಗೋಡು. ಮಾಡುವವರಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಬಹಳ. ನವೆಂಬರ್ ಡಿಸೆಂಬರಿಗೆ ಕಟ್ಟಿದರೆ ಮಳೆ ಬರುವ ಮೊದಲು ಕೊಯ್ಲು. ಆ ಐದಾರು ತಿಂಗಳಲ್ಲಿ ಒಂದು ಸಲ ಅಳಿವೆಯಿಂದ ಎಣ್ಣೆ ಒಳಗೆ ಬಂದರೆ ಹಗ್ಗ ಬಿಚ್ಚಿ ಓಡಲಿಕ್ಕೆ ಆಗುವುದಿಲ್ಲ. ಸಾಲ ಮಾತ್ರ ಉಳಿಯುತ್ತದೆ.

ಕಾಂಡ್ಲಾ ಗಿಡದ ಮೂಗು

ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಅಳಿವೆ ಬದಿಯ ಕೆಸರಿನಲ್ಲಿ ಕಾಂಡ್ಲಾ ಗಿಡ ಉಂಟು. ಮಲಯಾಳದಲ್ಲಿ ಕಂಡಲ್ ಅನ್ನುತ್ತಾರೆ. ಕೆಸರಿನೊಳಗೆ ಗಾಳಿ ಇರುವುದಿಲ್ಲ. ಅದಕ್ಕೆ ಆ ಗಿಡಗಳ ಬೇರು ಪೆನ್ಸಿಲ್ ನೆಟ್ಟ ಹಾಗೆ ಕೆಸರಿನಿಂದ ಮೇಲೆ ಎದ್ದಿರುತ್ತವೆ. ಅವುಗಳ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳು. ನೀರಿಳಿತದ ಹೊತ್ತಿಗೆ ಗಿಡ ಅದರಿಂದಲೇ ಉಸಿರಾಡುವುದು. ಅಂದರೆ ಅದು ಗಿಡದ ಮೂಗು. ಏರಿಳಿತದ ಜೊತೆ ಬಂದ ಎಣ್ಣೆ ಆ ಬೇರುಗಳಿಗೆ ಬಳಿದುಕೊಂಡರೆ ಮೂಗು ಮುಚ್ಚಿದ ಹಾಗೆ. ಎಲೆ ಹಳದಿಯಾಗಿ ಉದುರುತ್ತದೆ, ಕೆಲವು ವಾರ ಅಥವಾ ತಿಂಗಳಲ್ಲಿ ಗಿಡ ಸಾಯುತ್ತದೆ. ಸಿಗಡಿ, ಏಡಿ, ಎಷ್ಟೋ ಮೀನುಗಳ ಮರಿ ಬೆಳೆಯುವ ತೊಟ್ಟಿಲು ಆ ಬೇರುಗಳ ನಡುವೆ. ಗಿಡ ಹೋದರೆ ಅವೂ ಹೋದವು.

ಹೊಯಿಗೆಯ ದಡವನ್ನು ಬಾಚಬಹುದು. ಕಾಂಡ್ಲಾದ ಕೆಸರಿಗೆ ಇಳಿದು ಬಾಚಲು ಹೋದರೆ ಕಾಲು ತುಳಿತಕ್ಕೆ ಎಣ್ಣೆ ಇನ್ನೂ ಆಳಕ್ಕೆ ಹೋಗುತ್ತದೆ, ಎಳೆ ಗಿಡ ಮುರಿಯುತ್ತದೆ. ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ ಎಣ್ಣೆ ಕೊಳೆಯುವುದೂ ಬಹಳ ನಿಧಾನ. 1986ರಲ್ಲಿ ಪನಾಮಾ ದೇಶದ ಕರಾವಳಿಯಲ್ಲಿ ಒಂದು ದೊಡ್ಡ ಟ್ಯಾಂಕಿನ ಎಣ್ಣೆ ಚೆಲ್ಲಿ ಕಾಂಡ್ಲಾ ಕಾಡು ಸತ್ತಿತ್ತು. ವರ್ಷಗಳು ಕಳೆದರೂ ಅಲ್ಲಿನ ಕೆಸರಿನಿಂದ ಎಣ್ಣೆ ಒಸರುತ್ತಲೇ ಇತ್ತು. ಹಾಗಾಗಿ ತಿಳಿದವರು ಹೇಳುವುದು ಏನೆಂದರೆ, ಎಣ್ಣೆ ಬರುವ ಮೊದಲೇ ಅಳಿವೆಯ ಬಾಯಿಗೆ ತೇಲುವ ಬೇಲಿ ಕಟ್ಟಬೇಕು. ಬಂದ ಮೇಲೆ ಮಾಡಬಹುದಾದದ್ದು ಕಡಿಮೆ.

ಮೂವತ್ತು ವರ್ಷ ಕಳೆದರೂ

ಎಣ್ಣೆಯ ಕೇಡು ಎಷ್ಟು ಕಾಲ ಇರುತ್ತದೆ ಎಂಬುದನ್ನು ಲೋಕ ಕಲಿತದ್ದು ಅಲಾಸ್ಕಾದಲ್ಲಿ. ಅದು ಅಮೆರಿಕದ ಉತ್ತರ ತುದಿಯ ರಾಜ್ಯ, ತುಂಬ ಚಳಿ. 1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೀಸ್’ ಎಂಬ ಟ್ಯಾಂಕರ್ ಅಲ್ಲಿ ಬಂಡೆಗೆ ಹೊಡೆದು ಸುಮಾರು 4 ಕೋಟಿ ಲೀಟರು ಕಚ್ಚಾತೈಲ ಚೆಲ್ಲಿತು. 2,000 ಕಿಲೋಮೀಟರಿನಷ್ಟು ದಡಕ್ಕೆ ಎಣ್ಣೆ ಬಳಿಯಿತು. ವಿಜ್ಞಾನಿಗಳ ಅಂದಾಜಿನಲ್ಲಿ ಸತ್ತ ಕಡಲಹಕ್ಕಿಗಳು ಎರಡೂವರೆ ಲಕ್ಷ, ಕಡಲ ನೀರುನಾಯಿಗಳು 2,800, ಸೀಲ್ ಎಂಬ ಪ್ರಾಣಿಗಳು 300. ನೀರುನಾಯಿಗೆ ತಿಮಿಂಗಿಲದ ಹಾಗೆ ದಪ್ಪ ಕೊಬ್ಬಿನ ಪದರ ಇಲ್ಲ, ದಟ್ಟ ರೋಮವೇ ಅದರ ಕಂಬಳಿ. ರೋಮಕ್ಕೆ ಎಣ್ಣೆ ಹಿಡಿದ ಕಾರಣ ಚಳಿಗೆ ಸತ್ತವು.

ಅಲ್ಲಿ ಹೆರ್ರಿಂಗ್ ಎಂಬ ಮೀನು ಉಂಟು. ನಮ್ಮ ಬೂತಾಯಿಯ ನೆಂಟ ಎನ್ನಬಹುದು. ಎಣ್ಣೆ ಚೆಲ್ಲಿ ನಾಲ್ಕು ವರ್ಷದ ಮೇಲೆ, 1993ರಲ್ಲಿ, ಆ ಮೀನು ಒಮ್ಮೆಲೇ ಇಲ್ಲವೆನ್ನುವಷ್ಟು ಇಳಿಯಿತು. ಎಣ್ಣೆಯೇ ಕಾರಣವೋ, ರೋಗವೋ ಎಂಬ ಚರ್ಚೆ ಮುಗಿದಿಲ್ಲ. ಮೀನಂತೂ ಹಿಂದಿನ ಮಟ್ಟಕ್ಕೆ ಬರಲಿಲ್ಲ. ಹೆರ್ರಿಂಗ್ ನಂಬಿ ಬೋಟು ತೆಗೆದವರ ಗತಿ ಊಹಿಸಿಕೊಳ್ಳಿ. 2001ರಲ್ಲಿ ವಿಜ್ಞಾನಿಗಳು ಅಲ್ಲಿಯ ದಡದಲ್ಲಿ ಗುಂಡಿ ತೋಡಿ ನೋಡಿದಾಗ ಕಲ್ಲಿನ ಅಡಿಯಲ್ಲಿ ಹಸಿ ಎಣ್ಣೆ ಇತ್ತು. ಹನ್ನೆರಡು ವರ್ಷ ಆಗಿತ್ತು ಆಗ!

ಇನ್ನೊಂದು ಸಂಗತಿಯನ್ನೂ ಅಲ್ಲಿ ಕಲಿತರು. ದಡದ ಕಲ್ಲುಗಳನ್ನು ಬಿಸಿನೀರನ್ನು ಜೋರಾಗಿ ಹಾಯಿಸಿ ತೊಳೆದರು. ಕಲ್ಲು ಶುದ್ಧವಾಯಿತು, ಕಲ್ಲಿಗೆ ಹಿಡಿದು ಬದುಕಿದ್ದ ಚಿಪ್ಪು, ಪಾಚಿ ಎಲ್ಲ ಬೆಂದುಹೋದವು. ಅದಕ್ಕೂ ಮೊದಲು 1967ರಲ್ಲಿ ಇಂಗ್ಲೆಂಡಿನ ಬಳಿ ‘ಟೋರಿ ಕೆನ್ಯನ್’ ಹಡಗು ಒಡೆದಾಗ ಎಣ್ಣೆ ಕರಗಿಸಲು ಸಾಬೂನಿನಂಥ ರಾಸಾಯನಿಕವನ್ನು ಸಿಕ್ಕಾಪಟ್ಟೆ ಸುರಿದಿದ್ದರು. ದಡದ ಜೀವಿಗಳನ್ನು ಎಣ್ಣೆಗಿಂತ ಆ ಮದ್ದೇ ಹೆಚ್ಚು ಕೊಂದಿತು. ನೋಡಲಿಕ್ಕೆ ಚಂದ ಮಾಡುವುದು ಬೇರೆ, ಜೀವ ಉಳಿಸುವುದು ಬೇರೆ.

ಬಕೆಟ್ಟಿನಲ್ಲಿ ಬಾಚಿದ ಎಣ್ಣೆ

ನಮ್ಮ ದೇಶದಲ್ಲಿ 2017ರ ಜನವರಿ 28ರ ಬೆಳಗಿನ ಜಾವ ಎನ್ನೂರಿನ ಬಂದರಿನ ಹೊರಗೆ ಎರಡು ಹಡಗು ಡಿಕ್ಕಿ ಹೊಡೆದವು. ಮೊದಲು ಎಣ್ಣೆ ಸೋರಿಲ್ಲ ಎಂದೇ ಹೇಳಿಕೆ ಬಂತು. ಒಂದೆರಡು ದಿನದಲ್ಲಿ ಕಪ್ಪು ರಾಡಿ ದಡಕ್ಕೆ ಬಂದಾಗ ಹೇಳಿಕೆ ಬದಲಾಯಿತು. ಅಷ್ಟರೊಳಗೆ ಎಣ್ಣೆ ದಪ್ಪಗಾಗಿತ್ತು. ಹೀರುವ ಯಂತ್ರದ ಕೊಳವೆಗಳು ಕಟ್ಟಿಕೊಂಡವು. ಆಮೇಲೆ ಮೀನುಗಾರರು, ಕಾಲೇಜು ಮಕ್ಕಳು, ಕೋಸ್ಟ್ ಗಾರ್ಡಿನವರು ಸಾಲಾಗಿ ನಿಂತು ಬಕೆಟ್ಟಿನಲ್ಲಿ ತೋಡಿದರು. ಆ ಚಿತ್ರ ದೇಶಕ್ಕೆಲ್ಲ ಗೊತ್ತು. ಅದು ಕಡಲಾಮೆ ಮೊಟ್ಟೆ ಇಡಲು ಬರುವ ಕಾಲ. ಸತ್ತ ಆಮೆಗಳು ದಡಕ್ಕೆ ಬಂದವು. ಚೆನ್ನೈ ಪೇಟೆಯಲ್ಲಿ ಮೀನು ಕೊಳ್ಳುವವರಿಲ್ಲದಾಯಿತು.

ಬಕೆಟ್ ಹಿಡಿದವರ ಧೈರ್ಯ ದೊಡ್ಡದು. ಆದರೆ ಬರಿಗೈಯಲ್ಲಿ ಆ ಎಣ್ಣೆ ಮುಟ್ಟಬಾರದಿತ್ತು ಎಂಬುದೂ ಸತ್ಯ. ಚರ್ಮ ಉರಿಯುತ್ತದೆ, ಆವಿ ಎದೆಗೆ ಕೆಟ್ಟದು. 2020ರ ಜುಲೈ 25ರಂದು ಮಾರಿಷಸ್ ದ್ವೀಪದಲ್ಲಿ ‘ವಕಾಶಿಯೊ’ ಹಡಗು ಹವಳದ ದಿಬ್ಬಕ್ಕೆ ಏರಿ ಕೆಲವು ದಿನದ ಮೇಲೆ ಸುಮಾರು 1,000 ಟನ್ ಎಣ್ಣೆ ಸೋರಿದಾಗ ಅಲ್ಲಿಯ ಜನ ಬಟ್ಟೆಯ ಚೀಲಕ್ಕೆ ಕಬ್ಬಿನ ಒಣಗರಿ ತುಂಬಿಸಿ, ತೇಲಲು ಖಾಲಿ ಬಾಟಲಿ ಕಟ್ಟಿ, ಉದ್ದಕ್ಕೆ ತೇಲುವ ಬೇಲಿ ಹೊಲಿದರು. ತಲೆಕೂದಲು ಎಣ್ಣೆ ಹೀರುತ್ತದೆ ಎಂದು ಕೂದಲು ಕತ್ತರಿಸಿ ಕೊಟ್ಟವರೂ ಇದ್ದರು. ಸರಕಾರ ಬರಲಿ ಎಂದು ಕಾಯದೆ ಅವರು ಮಾಡಿದ ಆ ಕೆಲಸ ನನಗೆ ಬಹಳ ಮೆಚ್ಚುಗೆ.

ನಮ್ಮ ಕೈಯ ಎಣ್ಣೆಯ ಬಗ್ಗೆಯೂ ಒಂದು ಮಾತು. ಬೋಟಿನ ಇಂಜಿನ್ ಆಯಿಲ್ ಬದಲಿಸಿದಾಗ ಹಳೆಯದನ್ನು ಎಲ್ಲಿ ಹಾಕುತ್ತೇವೆ? ಅದು ಹಡಗಿನ ಎಣ್ಣೆಯ ಮುಂದೆ ಸಾಸಿವೆ ಎಂದು ಕೆಲವು ಅಣ್ಣಂದಿರು ವಾದ ಮಾಡುತ್ತಾರೆ. ಸಾಸಿವೆಯೇ ಇರಬಹುದು. ಬಂದರಿನ ನಿಂತ ನೀರಿಗೆ ದಿನಾ ಬೀಳುವ ಸಾಸಿವೆ ಅದು. ಡಬ್ಬಿಯಲ್ಲಿ ಹಿಡಿದಿಟ್ಟರೆ ಹಳೆ ಆಯಿಲ್ ಕೊಳ್ಳುವವರೂ ಇದ್ದಾರೆ.

ಬರೆದಿಟ್ಟವರಿಗೆ ಪರಿಹಾರ

ಈಗ ಓದುಬರಹದ ವಿಷಯಕ್ಕೆ ಬರುವ. ಹಾಳು ಮಾಡಿದವರೇ ದಂಡ ತೆರಬೇಕು ಎಂಬುದು ನಮ್ಮ ದೇಶದ ಕಾನೂನಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಎಲ್ಸಾ ಹಡಗಿನ ವಿಷಯದಲ್ಲಿ ಕೇರಳ ಸರಕಾರ 2025ರಲ್ಲಿ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿತು. ಅದೇ ಕಂಪೆನಿಯ ಬಳಗದ ಇನ್ನೊಂದು ಹಡಗನ್ನು ವಿಳಿಂಜದಲ್ಲಿ ತಡೆದಿಡಲು ಕೋರ್ಟು ಆಜ್ಞೆ ಮಾಡಿತು. ಸದ್ಯಕ್ಕೆಂದು ಸರಕಾರ ತೆಂಕಣ ನಾಲ್ಕು ಜಿಲ್ಲೆಗಳ ಮೀನುಗಾರ ಕುಟುಂಬಗಳಿಗೆ ತಲಾ 1,000 ರೂಪಾಯಿ ಮತ್ತು 6 ಕಿಲೋ ಅಕ್ಕಿ ಘೋಷಿಸಿತ್ತು. ಸಾವಿರ ರೂಪಾಯಿ ಎಷ್ಟು ದಿನಕ್ಕೆ ಆಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಎನ್ನೂರಿನಲ್ಲಿ 2023ರ ಘಟನೆಗೆ ಅಲ್ಲಿಯ ಸರಕಾರ ಬಾಧಿತ ಮೀನುಗಾರ ಕುಟುಂಬಕ್ಕೆ 12,500 ರೂಪಾಯಿ, ದೋಣಿ ದುರಸ್ತಿಗೆ 10,000 ರೂಪಾಯಿ ಕೊಟ್ಟಿತು.

ಟ್ಯಾಂಕರ್ ಹಡಗಿನ ಎಣ್ಣೆ ಚೆಲ್ಲಿ ನಷ್ಟವಾದರೆ ಪರಿಹಾರ ಕೊಡಲು ದೇಶದೇಶಗಳ ಒಪ್ಪಂದದ ನಿಧಿ ಉಂಟು. ಭಾರತ ಅದರಲ್ಲಿ ಸೇರಿದೆ. ಅಲ್ಲಿ ಮೀನುಗಾರರೂ ಕೇಳಬಹುದು. ಆದರೆ ಅವರು ಮೊದಲು ಕೇಳುವುದು ಆಧಾರ. ಎಣ್ಣೆ ಬರುವ ಮೊದಲು ನಿಮಗೆ ಎಷ್ಟು ಮೀನು ಸಿಗುತ್ತಿತ್ತು? ಎಷ್ಟಕ್ಕೆ ಮಾರಿದಿರಿ? ಎಷ್ಟು ದಿನ ಕಡಲಿಗೆ ಹೋಗಲಿಲ್ಲ? ಬಲೆ ಹಾಳಾಯಿತೇ, ಫೋಟೋ ಇದೆಯೇ, ಬಿಲ್ಲು ಇದೆಯೇ? ಬಾಯಿಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೋಟು ಮಾಲಕರ ಹತ್ತಿರ ಹೇಗೂ ಪಟ್ಟಿ ಇರುತ್ತದೆ. ಕೈರಂಪಣಿ ಎಳೆಯುವವರಿಗೆ, ಬುಟ್ಟಿ ಹೊತ್ತು ಮಾರುವ ಅಕ್ಕಂದಿರಿಗೆ, ಮರುವಾಯಿ ಹೆಕ್ಕುವವರಿಗೆ ಇರುವುದಿಲ್ಲ. ಪರಿಹಾರ ತಪ್ಪುವುದೂ ಇವರಿಗೇ.

ಅದಕ್ಕೆ ಈ ಪಾಠದ ಕೆಲಸ ಒಂದು ಹತ್ತು ರೂಪಾಯಿಯ ನೋಟುಪುಸ್ತಕ. ದಿನಕ್ಕೊಂದು ಸಾಲು ಬರೆದರೆ ಸಾಕು: ತಾರೀಕು, ಯಾವ ಮೀನು, ಎಷ್ಟು ಕಿಲೋ ಅಥವಾ ಎಷ್ಟು ಬುಟ್ಟಿ, ಬಂದ ಹಣ. ಹೋಗದ ದಿನ ಯಾಕೆ ಹೋಗಲಿಲ್ಲ ಎಂದು ಬರೆಯಿರಿ. ಅಕ್ಷರ ಚಂದ ಇರಬೇಕೆಂದಿಲ್ಲ. ಕನ್ನಡದಲ್ಲೇ ಬರೆಯಿರಿ.

ಎಣ್ಣೆ ಕಂಡರೆ

ಕಡಲಿನಲ್ಲಿ ಎಣ್ಣೆ ಕಂಡರೆ, ಕಂಟೈನರ್ ತೇಲುವುದು ಕಂಡರೆ, ಕೋಸ್ಟ್ ಗಾರ್ಡಿನ 1554 ಅಥವಾ ಕರಾವಳಿ ಪೊಲೀಸರ 1093 ನಂಬ್ರಕ್ಕೆ ಫೋನ್ ಮಾಡಿ. ಕಡಲಿನ ಎಣ್ಣೆಯನ್ನು ಎದುರಿಸುವ ಕೆಲಸದ ಮುಂದಾಳು ನಮ್ಮ ದೇಶದಲ್ಲಿ ಕೋಸ್ಟ್ ಗಾರ್ಡ್. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಣ್ಣ, ಗಾಳಿ ಎತ್ತ ಬೀಸುತ್ತಿತ್ತು ಎಂದು ಹೇಳಿ. ದಡಕ್ಕೆ ಬಂದ ಪೆಟ್ಟಿಗೆ, ಚೀಲಗಳನ್ನು ಮುಟ್ಟಬೇಡಿ. ಎಲ್ಸಾದ 12 ಕಂಟೈನರ್‌ಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು, ಅದಕ್ಕೆ ನೀರು ತಾಗಿದರೆ ಬೆಂಕಿ ಹಿಡಿಯುವ ಅನಿಲ ಬರುತ್ತದೆ. ಮಕ್ಕಳನ್ನು ದೂರ ಇಡಿ. ರಾಡಿ ಇರುವ ಕಡೆ ಬಲೆ ಇಳಿಸಬೇಡಿ, ಆ ಬಲೆ ಮತ್ತೆ ಶುದ್ಧವಾಗುವುದಿಲ್ಲ.

ಮತ್ತೆ, ಎಲ್ಲಿಯೋ ಎಣ್ಣೆ ಚೆಲ್ಲಿದ ಸುದ್ದಿ ಬಂದ ಕೂಡಲೇ ಎಲ್ಲ ಮೀನೂ ವಿಷ ಎಂಬ ಮಾತು ಮೊಬೈಲಿನಲ್ಲಿ ಓಡಾಡುತ್ತದೆ. 2025ರಲ್ಲಿ ಹಾಗೇ ಆಯಿತು. ಹಡಗು ಮುಳುಗಿದ್ದು ಆಲಪ್ಪುಳದ ಕಡೆ, ಬೇಡಿಕೆ ಬಿದ್ದದ್ದು ದೂರದೂರದ ಪೇಟೆಗಳಲ್ಲಿಯೂ. ಎಣ್ಣೆ ಬಿದ್ದ ಕಡೆಯ ಚಿಪ್ಪು, ಏಡಿ, ಡೀಸೆಲ್ ವಾಸನೆಯ ಮೀನು ಖಂಡಿತ ಬೇಡ. ದೂರದ ಶುದ್ಧ ನೀರಿನ ಮೀನಿಗೆ ಅದರಿಂದ ದೋಷವಿಲ್ಲ. ಮೀನುಗಾರಿಕೆ ಇಲಾಖೆ ಪರೀಕ್ಷೆ ಮಾಡಿ ಹೇಳಿದ್ದನ್ನು ಪತ್ರಿಕೆಯಲ್ಲಿ ನೀವೇ ಓದಿ, ಗಿರಾಕಿಗೂ ಓದಿ ಹೇಳಿ.

ಓದಿದ ಮೇಲೆ ಮಾಡಿ

ಹೊಸ ಪದಗಳು: ಅಳಿವೆ, ಕಚ್ಚಾತೈಲ, ಆವಿ, ಯಕೃತ್ತು, ಬಾಧಿತ, ದಾವೆ, ಆಧಾರ. ಅರ್ಥ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ, ಆಮೇಲೆ ಪ್ರೇರಕರನ್ನು ಕೇಳಿ. ಒಂದೊಂದು ಪದ ಸೇರಿಸಿ ಒಂದೊಂದು ವಾಕ್ಯ ಬರೆಯಿರಿ.

ಲೆಕ್ಕ: ಎಲ್ಸಾ ಹಡಗಿನ ಫರ್ನೇಸ್ ಆಯಿಲ್ 367 ಟನ್. ಒಂದು ಟನ್ನಿಗೆ ಸಾವಿರ ಲೀಟರು ಎಂದು ಹಿಡಿದರೆ, 200 ಲೀಟರಿನ ಡ್ರಮ್ಮುಗಳಲ್ಲಿ ತುಂಬಿಸಲು ಎಷ್ಟು ಡ್ರಮ್ ಬೇಕು? ಅದು ನೀರು ಸೇರಿ ಮೂರು ಪಟ್ಟು ಆದರೆ ಎಷ್ಟು?

ಮಾತಾಡಿ: ನಿಮ್ಮ ಊರಿನ ಅಳಿವೆಯ ಬಾಯಿ ಎಷ್ಟು ಅಗಲ ಉಂಟು? ಅಲ್ಲಿಗೆ ತೇಲುವ ಬೇಲಿ ಕಟ್ಟಬೇಕಾದರೆ ಎಂತದ್ದರಿಂದ ಮಾಡಬಹುದು? ಒಣಹುಲ್ಲು, ತೆಂಗಿನ ನಾರು, ಹಳೆ ಬಲೆ, ಖಾಲಿ ಬಾಟಲಿ ಇವುಗಳಲ್ಲಿ ಯಾವುದು ಎಣ್ಣೆ ಹೀರುತ್ತದೆ, ಯಾವುದು ತೇಲಿಸುತ್ತದೆ? ಹಿರಿಯ ಮೀನುಗಾರರನ್ನು ಒಂದು ದಿನ ತರಗತಿಗೆ ಕರೆದು ಕೇಳಿ.

ಬರೆಯಿರಿ: ಇವತ್ತಿನ ತಾರೀಕು ಹಾಕಿ ನಿಮ್ಮ ನೋಟುಪುಸ್ತಕದ ಮೊದಲ ಸಾಲು ಬರೆಯಿರಿ. ಮುಂದಿನ ವಾರ ತರುವಾಗ ಏಳು ಸಾಲು ಇರಲಿ.